ಎದುರು ಸುತ್ತು

ಸುಧಾಮಣಿಗೆ ಹೇಸಿಗೆ ಬಹಳ ಬೇಗ ಬರುತ್ತದೆ. ಕೆಲವರಿಗೆ ಮೂಗಿನ ತುದಿಯಲ್ಲಿ ಕೋಪ ಇರುತ್ತದಲ್ಲ, ಇವಳಿಗೆ ಅದೇ ಜಾಗದಲ್ಲಿ ಅಸಹ್ಯ ಕೂತಿದೆ. ಹೋಟೆಲಿನಲ್ಲಿ ಸಪ್ಲೈಯರ್ ಲೋಟದೊಳಗೆ ಬೆರಳಿಟ್ಟು ನೀರು ತಂದರೆ ಎದ್ದು ಹೊರಗೆ ಬರುತ್ತಾಳೆ. ಬಸ್ಸಿನಲ್ಲಿ ಪಕ್ಕದವರು ಕಿವಿಯೊಳಗೆ ಬೀಗದ ಕೈ ಆಡಿಸಿದರೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದೇ ಹೋಗುತ್ತಾಳೆ. ಮದುವೆಯಾದ ಎರಡು ವರ್ಷಕ್ಕೆ ಗಂಡನನ್ನು ಬಿಟ್ಟು ತಾಯಿಯ ಮನೆಗೆ ಬಂದವಳು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ, ಅವನು ಸಾರನ್ನ ಉಣ್ಣುವಾಗ ಮಾಡುತ್ತಿದ್ದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಾಳೆ. ಕಾರಣ ಅದೊಂದೇ ಅಲ್ಲ, ಅವನು ಕೈಯೂ ಮಾಡುತ್ತಿದ್ದ. ಆದರೆ ಆ ಮಾತನ್ನು ಅವಳು ಯಾರ ಮುಂದೆಯೂ ಎತ್ತುವುದಿಲ್ಲ, ಸದ್ದಿನ ವಿಷಯ ಮಾತ್ರ ಹೇಳುತ್ತಾಳೆ.

ಪದ್ಮನಾಭನಗರದ ಹಿಂಬದಿಯಲ್ಲಿ, ಮೂರಂತಸ್ತಿನ ಮನೆಗಳ ಸಾಲು ಮುಗಿದು ಗಲ್ಲಿ ಕಿರಿದಾಗುವ ಕಡೆ, ಹಳೆಯ ಊರಿನ ಒಂದು ಚೂರು ಇನ್ನೂ ಉಳಿದುಕೊಂಡಿದೆ. ಅಲ್ಲಿ ಅವಳದೂ ಅವಳ ತಾಯಿ ನಾಗಲಕ್ಷ್ಮಮ್ಮನದೂ ಎರಡು ಕೋಣೆಯ ಮನೆ. ನಡುಮನೆಯ ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಕೆಳಗೆ ಪ್ಲಾಸ್ಟಿಕ್ ಹೂವಿನ ಹಾರ. ಸುಧಾಮಣಿಗೆ ಕರೆಂಟ್ ಆಫೀಸಿನ ದೂರು ವಿಭಾಗದಲ್ಲಿ ಕೆಲಸ. ಅದೆಂದರೆ ಫೋನಿನ ಆ ತುದಿಯವರಿಂದ ಬೈಸಿಕೊಳ್ಳುವ ಕೆಲಸ. ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೂ ಅವಳದೇ ತಪ್ಪು, ಯಾರದೋ ಮನೆಯ ಫ್ಯೂಸ್ ಸುಟ್ಟರೂ ಅವಳದೇ ತಪ್ಪು. ಸಂಜೆ ಮನೆಗೆ ಬಂದರೆ ನಾಗಲಕ್ಷ್ಮಮ್ಮ ಬಾಗಿಲಲ್ಲೇ ಮಾತಿಗೆ ಕೂರುತ್ತಾಳೆ. ಹೀಗೆ ದಿನವಿಡೀ ಯಾರದಾದರೂ ಒಂದು ಬಾಯಿ ಅವಳ ಕಿವಿಯೊಳಗೆ ಇದ್ದೇ ಇರುತ್ತದೆ.

ಅದಿಲ್ಲದ ಹೊತ್ತೆಂದರೆ ಬೆಳಗಿನ ಓಟದ ಹೊತ್ತು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಅಕ್ಕಪಕ್ಕದವರ ನಗೆಯನ್ನು ಲೆಕ್ಕಿಸದೆ ಶುರು ಮಾಡಿದ ಓಟ ಅದು. ಮೊದಮೊದಲು ಸಕ್ಕರೆಯ ಭಯಕ್ಕೆ ಓಡಿದಳು. ಆಮೇಲೆ ಸಕ್ಕರೆ ಮರೆತೇ ಹೋಯಿತು. ಓಡುವವಳನ್ನು ನಿಲ್ಲಿಸಿ ಯಾರೂ ಮಾತಾಡಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಆ ಒಂದು ಗಂಟೆ ಸಿಕ್ಕರೆ ಉಳಿದ ದಿನವನ್ನು ಹೇಗೋ ನುಂಗಿಕೊಳ್ಳುತ್ತಿದ್ದಳು. ಸಿಗದ ದಿನ ಅವಳ ಬಾಯಿಗೆ ಬೀಳುವುದು ಯಾರಿಗೂ ಬೇಡ.

ಓಡಲು ಇದ್ದದ್ದು ಒಂದೇ ಜಾಗ, ಕಟ್ಟೆ ಪಾರ್ಕು. ರಸ್ತೆಯಲ್ಲೇ ಓಡಬಹುದಲ್ಲ ಎನ್ನುವವರು ಆ ಕಡೆಯ ಫುಟ್‌ಪಾತನ್ನು ನೋಡಿದವರಲ್ಲ. ಒಂದು ಚಪ್ಪಡಿ ಮೇಲಕ್ಕೆದ್ದಿರುತ್ತದೆ, ಮುಂದಿನದು ಇರುವುದೇ ಇಲ್ಲ, ಅದಿರಬೇಕಾದ ಕಡೆ ಚರಂಡಿ ಬಾಯಿ ತೆರೆದುಕೊಂಡು ನಾರುತ್ತಿರುತ್ತದೆ. ತಿರುವಿನಲ್ಲಿ ಯಾರೋ ಬೈಕ್ ನಿಲ್ಲಿಸದೆಯೇ ಎಸೆದು ಹೋದ ಕಸದ ಚೀಲವನ್ನು ಬೀದಿನಾಯಿಗಳು ಬಿಚ್ಚಿ ಹರಡಿರುತ್ತವೆ. ಸಾಕುನಾಯಿಯವರು ಇನ್ನೂ ವಾಸಿ. ಅವರು ನಾಯಿಯನ್ನು ಬೇರೆಯವರ ಗೇಟಿನ ಮುಂದೆ ಕೂರಿಸಿ, ಅದು ಮುಗಿಸುವವರೆಗೂ ತಾವು ಆಕಾಶ ನೋಡುತ್ತ ನಿಲ್ಲುತ್ತಾರೆ.

ಪಾರ್ಕಿನ ನಡುವೆ ಒಂದು ಹಳೆಯ ಅಶ್ವತ್ಥ ಮರ. ಊರು ಊರಾಗಿದ್ದ ಕಾಲದ್ದು. ಬುಡಕ್ಕೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಅರಿಶಿನ ಮೆತ್ತಿದ ನಾಗರಕಲ್ಲುಗಳು, ಸುತ್ತಲೂ ಸಿಮೆಂಟ್ ಇಟ್ಟಿಗೆಯ ದಾರಿ. ಗೇಟಿನ ಪಕ್ಕ ವಾಯುವಿಹಾರಿಗಳ ಸಂಘದ ಬೋರ್ಡು. ಅದರಲ್ಲಿ ಉಗುಳಬಾರದು, ಹೂ ಕೀಳಬಾರದು ಎಂಬುದಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಎಲ್ಲರೂ ಕಟ್ಟೆಯನ್ನು ಬಲಗಡೆ ಇಟ್ಟುಕೊಂಡೇ ಸುತ್ತತಕ್ಕದ್ದು ಎಂದಿತ್ತು. ಈ ಸಂಘದವರ ಬುದ್ಧಿಯೇ ಬುದ್ಧಿ. ಹೇಗೂ ಸುತ್ತುವುದು ಇದ್ದೇ ಇದೆ, ಅದನ್ನೇ ಪ್ರದಕ್ಷಿಣೆ ಮಾಡಿಕೊಂಡರೆ ಕೊಬ್ಬೂ ಕರಗುತ್ತದೆ, ಪಾಪವೂ ಕರಗುತ್ತದೆ. ಹೆಂಗಸರ ಗುಂಪಿನ ಮುಂದಾಳು ಶಾಂತಲಾ ಎಂಬಾಕೆ ಎಣಿಸುವ ಪುಟ್ಟ ಮಿಷನ್ನನ್ನು ಉಂಗುರದ ಹಾಗೆ ಬೆರಳಿಗೆ ಹಾಕಿಕೊಂಡು, ಸೊಸೆಯ ದೂರು ಹೇಳುತ್ತಲೇ ಒಂದೊಂದು ಸುತ್ತಿಗೂ ಟಿಕ್ ಎನಿಸುತ್ತಿದ್ದರು.

ಸುಧಾಮಣಿ ಐದು ವರ್ಷ ಹೀಗೆ ಬಲಕ್ಕೆ ಬಲಕ್ಕೆ ತಿರುಗಿ ಓಡಿದಳು. ಪ್ರದಕ್ಷಿಣೆಯ ಆಸೆ ಅವಳಿಗಿರಲಿಲ್ಲ. ಎಲ್ಲರೂ ಹೋಗುವ ಕಡೆಯೇ ಹೋದರೆ ಎಲ್ಲರ ಬೆನ್ನು ಮಾತ್ರ ಕಾಣುತ್ತದೆ, ಅಷ್ಟು ಸಾಕಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಎಡ ಮಂಡಿಯ ಹೊರಬದಿಯಲ್ಲಿ ಒಂದು ಉರಿ ಕಾಣಿಸಿಕೊಂಡಿತು. ಮೊದಲು ಓಟದ ಕೊನೆಗೆ ಬರುತ್ತಿತ್ತು, ಆಮೇಲೆ ನಡುವೆ, ಆಮೇಲೆ ಗೇಟು ದಾಟುತ್ತಿದ್ದ ಹಾಗೇ. ಒಂದು ದಿನ ಆಫೀಸಿನ ಮೆಟ್ಟಿಲು ಇಳಿಯಲಾಗದೆ ಕಂಬಿ ಹಿಡಿದು ಅಡ್ಡಡ್ಡ ಇಳಿದಳು. ಏಡಿಯ ಹಾಗೆ ಇಳಿಯುತ್ತಿರುವ ತನ್ನನ್ನು ಕಂಡು ಅವಳಿಗೇ ವಾಕರಿಕೆ ಬಂತು.

ಸುದ್ದಿ ತಿಳಿದದ್ದೇ ತಡ, ಮದ್ದು ಹೇಳುವವರು ಮುತ್ತಿಕೊಂಡರು. ಆಫೀಸಿನಲ್ಲಿ ಒಬ್ಬರು ಯಾವುದೋ ಎಣ್ಣೆಯ ಸೀಸೆ ತಂದುಕೊಟ್ಟರು. ಮುಚ್ಚಳ ತೆಗೆದರೆ ಸತ್ತ ಹಲ್ಲಿಯ ವಾಸನೆ. ಇನ್ನೊಬ್ಬರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಲು ಹೇಳಿದರು. ನಾಗಲಕ್ಷ್ಮಮ್ಮ ಉಪ್ಪಿನ ಗಂಟು ಕಾಯಿಸಿ ಒತ್ತಿದಳು, ಒತ್ತುತ್ತಲೇ ಒಂದೇ ಸಮ ಹೇಳಿದಳು.

"ಈ ವಯಸ್ಸಲ್ಲಿ ಓಡೋಕೆ ಯಾರೇ ಹೇಳಿದ್ರು ನಿಂಗೆ? ಹಿಂದೆ ಯಾರಾದ್ರೂ ಅಟ್ಟಿಸ್ಕೊಂಡು ಬಂದಿದ್ರಾ?"

"ನೀನೇ ಬರ್ತಿದ್ದೆ, ಸುಮ್ನಿರಮ್ಮ," ಎಂದು ಸುಧಾಮಣಿ ಗೋಡೆಯ ಕಡೆ ತಿರುಗಿ ಮಲಗಿದಳು.

ಕೊನೆಗೆ ಜಯನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಮೈತ್ರಿ ಎಂಬ ಹುಡುಗಿ. ಡಿಗ್ರಿ ಸರ್ಟಿಫಿಕೇಟಿನ ಶಾಯಿ ಇನ್ನೂ ಆರದವಳು, ಬಂದವರಿಗೆಲ್ಲ ಆಂಟಿ, ಅಂಕಲ್ ಎನ್ನುವವಳು. ಸುಧಾಮಣಿಗೆ ಆ ಮಾತಿಗೇ ಎದ್ದು ಹೋಗಬೇಕೆನಿಸಿತು. ಆದರೆ ಹುಡುಗಿ ಮಂಡಿ ಒತ್ತಿ, ಕಾಲು ಮಡಿಸಿ, ನಡೆಸಿ ನೋಡಿದ ಮೇಲೆ ಕೇಳಿದ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ.

"ಆಂಟಿ, ನೀವು ಓಡೋ ಜಾಗ ರೌಂಡಾಗಿದ್ಯಾ? ಯಾವ ಕಡೆ ತಿರುಗ್ತೀರಾ?"

"ಬಲಕ್ಕೆ."

"ಯಾವಾಗ್ಲೂ?"

"ಯಾವಾಗ್ಲೂ. ಅಲ್ಲಿ ರೂಲ್ಸು."

ಮೈತ್ರಿ ನಕ್ಕಳು. ಒಂದೇ ಕಡೆ ತಿರುಗಿ ತಿರುಗಿ ಹೊರಬದಿಯ ಕಾಲಿಗೆ ಹೊರೆ ಜಾಸ್ತಿಯಾಗಿದೆ, ನೀರು ಹರಿಯಲೆಂದು ದಾರಿಯನ್ನು ಹೊರಕ್ಕೆ ಇಳಿಜಾರು ಮಾಡಿದ್ದರಂತೂ ಕೇಳುವುದೇ ಬೇಡ ಎಂದು ವಿವರಿಸಿದಳು. ಕೆಲವು ವಾರ ಓಟ ಪೂರ್ತಿ ಬಂದ್. ಆಮೇಲೆ ಒಂದು ನಿಮಿಷ ಓಡುವುದು, ನಾಲ್ಕು ನಿಮಿಷ ನಡೆಯುವುದು. ಮೆಲ್ಲಗೆ ಓಡುವ ಪಾಲು ಹೆಚ್ಚಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನು ಮೇಲೆ ಅರ್ಧ ಸುತ್ತುಗಳು ಎಡಕ್ಕೆ.

"ಅದೊಂದನ್ನ ತಪ್ಪಿಸಬೇಡಿ ಆಂಟಿ. ಅದಾಗಲ್ಲ ಅಂದ್ರೆ ಓಟಾನೇ ಬಿಟ್ಬಿಡಿ. ಇಲ್ಲಾಂದ್ರೆ ತಿರುಗಾ ಇಲ್ಲೇ ಬರ್ತೀರಾ."

ಆ ವಾರಗಳಲ್ಲಿ ಕ್ಲಿನಿಕ್ಕಿನಲ್ಲಿ ಮಂಡಿಗೆ ಕರೆಂಟ್ ಇಡಿಸಿಕೊಂಡು ಮಲಗಿದಾಗ ಕಣ್ಣಿಗೆ ನೇರವಾಗಿ ಕಾಣುತ್ತಿದ್ದದ್ದು ಗೋಡೆಯ ಮೇಲಿನ ಒಂದು ಚಿತ್ರ. ಲಕ್ವ ಹೊಡೆದ ಒಬ್ಬ ಗಂಡಸಿನ ಮುಖ. ಅರ್ಧ ನಗುತ್ತಿದೆ, ಅರ್ಧ ಜೋತುಬಿದ್ದಿದೆ, ತುಟಿಯ ಮೂಲೆಯಲ್ಲಿ ಜೊಲ್ಲನ್ನೂ ಬಿಡದೆ ಬರೆದಿದ್ದಾರೆ. ಕೆಳಗೆ, ಅನುಮಾನ ಬಂದರೆ ನಗಿಸಿ ನೋಡಿ, ಕೈ ಎತ್ತಿಸಿ ನೋಡಿ, ತಡ ಮಾಡಬೇಡಿ ಎಂದಿತ್ತು. ಇಂಥದ್ದನ್ನು ಮಲಗಿದವರ ಕಣ್ಣೆದುರು ಅಂಟಿಸುವವರಿಗೆ ಏನು ಹೇಳಬೇಕು ಎಂದು ಅವಳು ಕಣ್ಣು ಮುಚ್ಚುತ್ತಿದ್ದಳು. ಮುಚ್ಚಿದರೂ ಆ ಸೊಟ್ಟ ಬಾಯಿ ಬಂದು ಎದುರು ನಿಲ್ಲುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಪಾರ್ಕಿಗೆ ಮರಳಿದಳು. ಬಲಕ್ಕೆ ಕೆಲವು ಸುತ್ತು ಮುಗಿಸಿ, ಸುತ್ತಮುತ್ತ ನೋಡಿ, ಎಡಕ್ಕೆ ತಿರುಗಿದಳು.

ಅಂದು ಅವಳು ಮೊದಲ ಬಾರಿಗೆ ಎಲ್ಲರ ಮುಖ ನೋಡಿದಳು. ನೋಡಬಾರದಿತ್ತು. ಬೆನ್ನುಗಳೇ ಎಷ್ಟೋ ವಾಸಿ. ಒಬ್ಬರು ಮೂಗಿನೊಳಗೆ ಬೆರಳು ಬಿಟ್ಟು ಏನನ್ನೋ ಹುಡುಕುತ್ತ ಬರುತ್ತಿದ್ದರು. ಇನ್ನೊಬ್ಬರು ಗಂಟಲ ಆಳದಿಂದ ಕಫ ಎಳೆದು, ಉಗುಳಬಾರದೆಂಬ ಬೋರ್ಡಿನ ಗೌರವಕ್ಕೋ ಏನೋ, ಮತ್ತೆ ನುಂಗಿದರು. ಆಕಳಿಸುವ ಬಾಯಿಗಳೊಳಗೆ ಕಿರುನಾಲಿಗೆಯವರೆಗೂ ಕಾಣುತ್ತಿತ್ತು. ಅದೂ ಒಮ್ಮೆ ನೋಡಿ ಮುಗಿಯುವುದಲ್ಲ, ಎದುರಿನಿಂದ ಹೋದರೆ ಒಂದು ಸುತ್ತಿಗೆ ಎರಡು ಸಲ ಅದೇ ಮುಖ ಎದುರಾಗುತ್ತದೆ. ಎದುರಾದಾಗಲೆಲ್ಲ ಒಂದೊಂದು ಉಪದೇಶ. ಅರ್ಧ ವಾಕ್ಯ ಈ ಸಲ, ಉಳಿದರ್ಧ ಮುಂದಿನ ಸಲ.

"ಸುಧಾ ಅವ್ರೇ, ಬೂದುಗುಂಬಳದ ಜ್ಯೂಸು..." ಎನ್ನುವಷ್ಟರಲ್ಲಿ ದಾಟಿರುತ್ತಾರೆ. ಮತ್ತೆ ಎದುರಾದಾಗ, "...ಖಾಲಿ ಹೊಟ್ಟೇಲಿ ಕುಡೀರಿ, ಮಂಡಿ ಗಿಂಡಿ ಏನೂ ಇರಲ್ಲ!"

ಓಡುವವಳಾಗಿದ್ದರೆ ತಪ್ಪಿಸಿಕೊಳ್ಳುತ್ತಿದ್ದಳು. ಈಗ ಐದು ನಿಮಿಷಕ್ಕೆ ನಾಲ್ಕು ನಿಮಿಷ ನಡೆಯುವವಳು, ಎಲ್ಲರ ಕೈಗೂ ಸಿಗುವವಳು. ಏನೂ ಹೇಳದೆ ಹೋಗುತ್ತಿದ್ದವರೆಂದರೆ ಸಂಜೀವಯ್ಯ ಒಬ್ಬರೇ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು, ಮಂಕಿ ಕ್ಯಾಪು, ಕೈಯಲ್ಲಿ ಕೋಲು. ಹಲ್ಲಿನ ಸೆಟ್ಟನ್ನು ಬೆಳಿಗ್ಗೆ ಮನೆಯಲ್ಲೇ ಲೋಟದಲ್ಲಿ ಬಿಟ್ಟು ಬರುತ್ತಿದ್ದರು. ಎದುರಾದಾಗಲೆಲ್ಲ ಬಾಯಿ ಪೂರ್ತಿ ತೆರೆದು ನಗುತ್ತಿದ್ದರು. ಆ ಬೋಳು ವಸಡು ಕಂಡರೆ ಸುಧಾಮಣಿ ಮುಖ ಸಿಂಡರಿಸುತ್ತಿದ್ದಳು. ಆದರೂ ಮಾತಿಲ್ಲದ ಮನುಷ್ಯ ಎಂಬ ಒಂದೇ ಕಾರಣಕ್ಕೆ ತಲೆ ಆಡಿಸುತ್ತಿದ್ದಳು.

ಮೂರ್ನಾಲ್ಕು ದಿನ ಕಳೆಯುವುದರೊಳಗೆ ಸಂಘದ ಕಾರ್ಯದರ್ಶಿ ಮರುಳಸಿದ್ದಪ್ಪನವರು ದಾರಿಗೆ ಅಡ್ಡ ನಿಂತರು. ಹಿಂದೆ ಶಾಂತಲಾ ಮತ್ತು ಅವರ ಗುಂಪು.

"ಮೇಡಂ, ಬೋರ್ಡು ಓದಿದೀರಾ?"

"ಓದಿದೀನಿ ಸಾರ್. ಮಂಡಿಗೆ ಪೆಟ್ಟಾಗಿದೆ. ಅರ್ಧ ಈ ಕಡೆ ಸುತ್ತಬೇಕು ಅಂತ ಹೇಳಿದಾರೆ."

"ಯಾರು ಹೇಳಿರೋದು?"

"ಫಿಸಿಯೋ."

"ಫಿಸಿಯೋಗೇನ್ ಗೊತ್ತು ನಾಗಪ್ಪನ ವಿಷ್ಯ?" ಎಂದರು ಮರುಳಸಿದ್ದಪ್ಪ, ತಾವು ಬಹಳ ಸರಿಯಾದ ಪ್ರಶ್ನೆ ಕೇಳಿದೆವೆಂಬ ಮುಖದಲ್ಲಿ.

ಶಾಂತಲಾ ಧ್ವನಿ ಇಳಿಸಿದರು. "ಅಪ್ರದಕ್ಷಿಣೆ ಸುತ್ತೋದು ಎಲ್ಲಿ ಹೇಳಿ? ಮಸಾಣದಲ್ಲಿ. ಹೆಣದ ಸುತ್ತ. ನಾವಿಲ್ಲಿ ದೇವ್ರನ್ನ ಸುತ್ತುತಾ ಇದ್ರೆ ನೀವು ಹೆಣ ಸುತ್ತೋ ಥರ ಸುತ್ತುತೀರಲ್ಲ, ನಮ್ಗೆ ಹೆಂಗಾಗ್ಬೇಡ? ನಿಮ್ಮವ್ರಲ್ಲಿ ಇದೆಲ್ಲ ಇಲ್ವೇನೋ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳಬೇಡಿ ಎಂದು ಹೇಳಿ ಎಷ್ಟು ಗಲೀಜನ್ನಾದರೂ ಬಾಯಿಂದ ಸುರಿಯಬಹುದು ಎಂದು ಈ ಜನ ಎಲ್ಲಿ ಕಲಿತರೋ! ಚರಂಡಿಯ ವಾಸನೆಗೆ ಮೂಗು ಮುಚ್ಚಿಕೊಂಡು ದಾಟಬಹುದು. ಈ 'ನಿಮ್ಮವ್ರಲ್ಲಿ' ಎಂಬ ಮಾತಿಗೆ ಯಾವ ಕೈಯಲ್ಲಿ ಏನನ್ನು ಮುಚ್ಚಿಕೊಳ್ಳುವುದು?

"ನಮ್ಮವ್ರಲ್ಲಿ ಮಂಡಿ ಇದೆ ಮೇಡಂ. ನೋವಾಗುತ್ತೆ," ಎಂದು ಹೇಳಿ, ಅವರನ್ನು ಬಳಸಿಕೊಂಡು ಎಡಕ್ಕೇ ಹೋದಳು.

ಮನೆಯಲ್ಲಾದರೂ ಒಂದು ಒಳ್ಳೆಯ ಮಾತು ಸಿಕ್ಕೀತೆಂದು ತಾಯಿಗೆ ಹೇಳಿದರೆ ನಾಗಲಕ್ಷ್ಮಮ್ಮ ತಲೆ ಚಚ್ಚಿಕೊಂಡಳು.

"ಅಯ್ಯೋ, ಅದು ಬೋಧಿ ಮರ ಕಣೇ! ನಮ್ಮೂರ್ ಮರ. ಬುದ್ಧ ಪೂರ್ಣಿಮೇಲಿ ನಾವೂ ಬಲಕ್ಕೇ ತಾನೇ ಸುತ್ತೋದು? ನೀನ್ಯಾಕ್ ಎದುರು ಸುತ್ತೋಕ್ ಹೋದೆ?"

ಅಂದು ಸುಧಾಮಣಿ ಊಟ ಬಿಟ್ಟು ಮಲಗಿದಳು. ಇಡೀ ಲೋಕ ಒಂದೇ ಕಡೆ ತಿರುಗುತ್ತಿದೆ, ಅದೂ ತನ್ನ ಮಂಡಿಯ ಮೇಲೆಯೇ ತಿರುಗುತ್ತಿದೆ ಎನಿಸಿತು. ಆದರೆ ಬೆಳಿಗ್ಗೆ ಎದ್ದು ಮತ್ತೆ ಷೂ ಕಟ್ಟಿದಳು. ಓಡುವ ನಿಮಿಷಗಳು ನಡೆಯುವ ನಿಮಿಷಗಳಿಗೆ ಸಮನಾಗುತ್ತ ಬಂದಿದ್ದವು. ಮಂಡಿ ಸುಮ್ಮನಿತ್ತು. ಇನ್ನು ಕೆಲವು ವಾರ ಹೀಗೇ ದಾಟಿದರೆ ಮತ್ತೆ ಪೂರ್ತಿ ಓಟ, ಮತ್ತೆ ಯಾರ ಕೈಗೂ ಸಿಗದ ಒಂದು ಗಂಟೆ.

ಅಂಥದ್ದೇ ಒಂದು ಬೆಳಿಗ್ಗೆ ಎಡಕ್ಕೆ ಸುತ್ತುತ್ತಿದ್ದಾಗ ಸಂಜೀವಯ್ಯ ಎದುರಾದರು. ಎಂದಿನಂತೆ ನಕ್ಕರು. ಸುಧಾಮಣಿ ಎಂದಿನಂತೆ ತಲೆ ಆಡಿಸಿ, ಎಂದಿನಂತೆ ಮುಖ ಸಿಂಡರಿಸಿಕೊಂಡು ದಾಟಿದಳು. ಸ್ವಲ್ಪ ದೂರ ಹೋದ ಮೇಲೆ ಕಾಲು ತಾನಾಗಿ ನಿಂತಿತು. ಆ ನಗು ಅರ್ಧವೇ ಇತ್ತು. ಕ್ಲಿನಿಕ್ಕಿನ ಗೋಡೆಯ ಸೊಟ್ಟ ಬಾಯಿ ಮಂಕಿ ಕ್ಯಾಪು ಹಾಕಿಕೊಂಡು ಈಗಷ್ಟೇ ತನ್ನ ಪಕ್ಕ ಹಾದು ಹೋಗಿತ್ತು.

ಹಿಂದಿರುಗಿ ಓಡಿದಳು. ಸಂಜೀವಯ್ಯನ ಹಿಂದೆ ನಾಲ್ಕು ಹೆಜ್ಜೆ ಅಂತರದಲ್ಲಿ ಶಾಂತಲಾ ಗುಂಪು ನಡೆಯುತ್ತಿತ್ತು. ಅವರಿಗೆ ಕಾಣುತ್ತಿದ್ದದ್ದು ಶಾಲು ಹೊದ್ದ ಬೆನ್ನು ಮಾತ್ರ.

"ಸಂಜೀವಯ್ಯನೋರೇ, ನಿಂತ್ಕೊಳ್ಳಿ. ನಗಿ."

ಅವರು ಪಿಳಿಪಿಳಿ ನೋಡಿದರು.

"ನಗಿ ಅಂದ್ನಲ್ಲ! ಹಲ್ಲು ಬಿಡಿ!"

ಬಲಗಡೆ ತುಟಿ ಮೇಲಕ್ಕೆ ಹೋಯಿತು. ಎಡಗಡೆಯದು ಅಲುಗಲಿಲ್ಲ. ಅಲ್ಲಿಂದ ಜೊಲ್ಲು ಎಳೆಯಾಗಿ ಇಳಿದು ಶಾಲಿನ ಮೇಲೆ ಬಿತ್ತು. ಕೈ ಎತ್ತಿ ಎಂದರೆ ಒಂದೇ ಕೈ ಎದ್ದಿತು, ಕೋಲು ಕೆಳಗೆ ಬಿತ್ತು. ಏನೋ ಹೇಳಲು ಹೋದರು, ಮಾತು ಉಂಡೆಯಾಗಿ ಗಂಟಲಲ್ಲೇ ಉಳಿಯಿತು.

"ಗ್ಯಾಸು ಕಣ್ರೀ. ಸೋಡಾ ತನ್ನಿ ಯಾರಾದ್ರೂ," ಎಂದರು ಮರುಳಸಿದ್ದಪ್ಪ.

"ಕಟ್ಟೆ ಮೇಲೆ ಕೂರಿಸಿ, ತೀರ್ಥ ಹಾಕ್ತೀನಿ," ಎಂದರು ಶಾಂತಲಾ.

"ಬಾಯಿಗೇನೂ ಹಾಕಬೇಡಿ! ಆಟೋ ಕರೀರಿ!" ಎಂದು ಸುಧಾಮಣಿ ಕಿರುಚಿದಳು. ದೂರು ವಿಭಾಗದಲ್ಲಿ ಇಷ್ಟು ವರ್ಷ ನುಂಗಿದ್ದ ದನಿಯೆಲ್ಲ ಒಟ್ಟಿಗೆ ಹೊರಗೆ ಬಂತು. ಯಾರೂ ಅಲ್ಲಾಡದಿದ್ದಾಗ ತಾನೇ ಅವರ ಕಂಕುಳಿಗೆ ಹೆಗಲು ಕೊಟ್ಟು ಎಳೆದುಕೊಂಡು ಗೇಟಿನ ಕಡೆ ಹೊರಟಳು. ಮುದುಕರ ತಲೆ ಅವಳ ಕುತ್ತಿಗೆಗೆ ಒರಗಿತು. ಬೆಚ್ಚಗಿನ ಜೊಲ್ಲು ಕಾಲರಿನೊಳಗೆ ಇಳಿಯಿತು. ಅವಳಿಗೆ ಎಷ್ಟು ಅಸಹ್ಯವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆದರೂ ಕೈ ಬಿಡಲಿಲ್ಲ. ಹೊರಗೆ ಬೂದುಗುಂಬಳದ ಜ್ಯೂಸಿನ ಗಾಡಿಯ ಪಕ್ಕ ಒಂದು ಆಟೋ ನಿಂತಿತ್ತು. ಅದರೊಳಗೆ ಅವರನ್ನು ತುಂಬಿ, ತಾನೂ ಹತ್ತಿ, ಆಸ್ಪತ್ರೆ ಮುಟ್ಟುವವರೆಗೂ ಅವರ ಗಲ್ಲ ಎತ್ತಿ ಹಿಡಿದುಕೊಂಡಿದ್ದಳು.

ಸರಿಯಾದ ಹೊತ್ತಿಗೆ ಕರೆತಂದಿರಿ, ಇಲ್ಲದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಂಜೀವಯ್ಯನ ಮಗಳು ಸರ್ವಮಂಗಳಾ ಓಡಿ ಬಂದು ಕೈ ಹಿಡಿದುಕೊಂಡು ಅತ್ತಳು. ಸುಧಾಮಣಿ ಮನೆಗೆ ಹೋಗಿ ಎರಡು ಸಲ ಸ್ನಾನ ಮಾಡಿದಳು.

ಮರುದಿನ ಮಂಡಿ ಸ್ವಲ್ಪ ಊದಿತ್ತು. ಕೆಲವು ದಿನ ಬಿಟ್ಟು ಪಾರ್ಕಿಗೆ ಹೋದಳು. ಹೂವಿನ ಹಾರ ಹಾಕುತ್ತಾರೆಂದು ಅವಳೇನೂ ಎಣಿಸಿರಲಿಲ್ಲ. ಆದರೂ ಮನುಷ್ಯರಲ್ಲವೇ, ಸಂಜೀವಯ್ಯ ಹೇಗಿದ್ದಾರೆ ಎಂದಾದರೂ ಕೇಳಬಹುದು ಎಂದುಕೊಂಡಿದ್ದಳು. ಕಟ್ಟೆಯ ಸುತ್ತ ರಂಗೋಲಿ ಹಾಕಿತ್ತು. ನಾಗರಕಲ್ಲಿಗೆ ತನಿ ಎರೆದು ಹಾಲು ಕೆಳಗೆ ಹರಿದು ಇರುವೆ ಮುತ್ತಿತ್ತು. ಬೋರ್ಡಿನಲ್ಲಿ ಹೊಸ ಕೆಂಪು ಬಣ್ಣದ ಸಾಲು: ಅಪ್ರದಕ್ಷಿಣೆ ಕಡ್ಡಾಯವಾಗಿ ನಿಷೇಧಿಸಲಾಗಿದೆ.

"ಶಾಂತಿ ಮಾಡಿಸಿದ್ವಿ," ಎಂದರು ಮರುಳಸಿದ್ದಪ್ಪ. "ಆಗಿದ್ದು ಆಗೋಯ್ತು. ಇನ್ಮೇಲಾದ್ರೂ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ."

"ಏನಾಗಿದ್ದು ಸಾರ್?"

ಉತ್ತರ ಶಾಂತಲಾ ಅವರಿಂದ ಬಂತು. "ನೀವು ಎದುರು ಸುತ್ತೋಕೆ ಶುರು ಮಾಡಿದ ಮೇಲೇ ಅಲ್ವಾ ಅವ್ರಿಗೆ ಹಂಗಾಗಿದ್ದು? ಇಷ್ಟು ವರ್ಷ ಯಾರಿಗಾದ್ರೂ ಏನಾದ್ರೂ ಆಗಿತ್ತಾ ಇಲ್ಲಿ?"

ಸುಧಾಮಣಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೊಬ್ಬರೂ ಅದು ಹಾಗಲ್ಲ ಎನ್ನಲಿಲ್ಲ. ಜೊಲ್ಲಿನ ಅಸಹ್ಯ ಸ್ನಾನಕ್ಕೆ ಹೋಗಿತ್ತು, ಇದಕ್ಕೆ ಯಾವ ಸೋಪು ಹಾಕಬೇಕೋ ತಿಳಿಯಲಿಲ್ಲ.

"ಅವರ ಹಿಂದೇನೇ ನಡೀತಿದ್ರಲ್ಲ ನೀವು," ಎಂದಳು. "ನಾಲ್ಕು ಹೆಜ್ಜೆ ಹಿಂದೆ. ಬಾಯಿ ಸೊಟ್ಟಗಾಗಿದ್ದು ನಿಮ್ಗ್ಯಾಕ್ ಕಾಣಿಸಲಿಲ್ಲ? ಥೂ! ನಿಮ್ಮನ್ನ ನೋಡಿದ್ರೆ ವಾಂತಿ ಬರುತ್ತೆ ನಂಗೆ."

ಅಂದು ಓಡದೆಯೇ ಹೊರಗೆ ಬಂದಳು.

ಆಮೇಲೆ ರಸ್ತೆಯನ್ನೂ ನೋಡಿದಳು. ಸುಬ್ರಹ್ಮಣ್ಯಪುರದ ಕಡೆ ಹೋದಳು, ಬನಶಂಕರಿಯ ಕಡೆ ಹೋದಳು. ಚಪ್ಪಡಿಯಿಂದ ಚಪ್ಪಡಿಗೆ ಹಾರುತ್ತ, ನಾಯಿಯ ಗಲೀಜು ತಪ್ಪಿಸುತ್ತ, ತಪ್ಪಿಸಲಾಗದ ದಿನ ಕಡ್ಡಿಯಿಂದ ಷೂ ಕೆರೆಯುತ್ತ ಓಡಿದಳು. ವಾರ ತುಂಬುವುದರೊಳಗೆ ಮಂಡಿಯ ಉರಿ ವಾಪಸು ಬಂತು. ಮೈತ್ರಿ ಕ್ಲಿನಿಕ್ಕಿನಲ್ಲಿ ಮಂಡಿ ಒತ್ತಿ ನೋಡಿ, "ಆಂಟಿ, ಪಾರ್ಕು ಬಿಟ್ಟು ರೋಡಿಗ್ಯಾಕ್ ಹೋದ್ರಿ?" ಎಂದು ಗದರಿಸಿದಳು. ಸುಧಾಮಣಿ ದುಡ್ಡು ಕೊಟ್ಟು ಎದ್ದು ಬಂದಳು. ಮನೆಗೆ ಬಂದು ಷೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸಜ್ಜದ ಮೇಲೆ ಎಸೆದಳು. ನಾಗಲಕ್ಷ್ಮಮ್ಮ ಬಾಯಿ ತೆರೆದವಳು ಮಗಳ ಮುಖ ಕಂಡು ಮುಚ್ಚಿಕೊಂಡಳು. ಆಫೀಸಿನಲ್ಲಿ ಅವಳು ಫೋನ್ ಮಾಡಿದವರಿಗೆ ತಿರುಗಿ ಬೈಯಲು ಶುರು ಮಾಡಿದಳು.

ಒಂದು ಸಂಜೆ ಸರ್ವಮಂಗಳಾ ಮನೆ ಹುಡುಕಿಕೊಂಡು ಬಂದಳು.

"ಅಕ್ಕ, ಅಪ್ಪಂಗೆ ದಿನಾ ನಡೀಲೇಬೇಕು ಅಂದಿದಾರೆ ಡಾಕ್ಟ್ರು. ಅಪ್ಪ ಹಟ ಹಿಡಿದು ಕೂತಿದಾರೆ. ನೀವು ಪಾರ್ಕಿಗೆ ಬಂದ್ರೆ ಮಾತ್ರ ಬರ್ತಾರಂತೆ."

"ನಾನ್ಯಾಕೆ?"

"ಗೊತ್ತಿಲ್ಲಕ್ಕ. ನಿಮಗೇ ಹೇಳ್ತಾರಂತೆ."

ನಾಗಲಕ್ಷ್ಮಮ್ಮ ಒಳಗಿನಿಂದ ಎದ್ದು ಬಂದಳು. ಸ್ಟೂಲು ತಂದು ಹತ್ತಿ, ಸಜ್ಜದ ಮೇಲಿನ ಚೀಲವನ್ನು ಎಳೆದು ಕೆಳಗೆ ಹಾಕಿದಳು.

ಮರುದಿನ ಬೆಳಿಗ್ಗೆ ಸಂಜೀವಯ್ಯ ಗೇಟಿನ ಬಳಿ ಮಗಳ ಕೈ ಹಿಡಿದು ನಿಂತಿದ್ದರು. ಬಹಳ ಇಳಿದು ಹೋಗಿದ್ದರು, ಎಡಗಾಲು ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು. ಮರುಳಸಿದ್ದಪ್ಪ, ಶಾಂತಲಾ ಎಲ್ಲರೂ ಬಂದು ಸುತ್ತ ನಿಂತು, ದೇವರು ದೊಡ್ಡವನು ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಮುದುಕರು ಅವರ ಕಡೆ ನೋಡಲಿಲ್ಲ. ಸುಧಾಮಣಿಯನ್ನು ಕೈಸನ್ನೆಯಲ್ಲಿ ಕರೆದರು.

"ನಾ... ನಾನು ಬಲಕ್ಕೇ ಸುತ್ತೋದು ತಾಯಿ. ನಂಗೆ ನಾಗಪ್ಪನ ಭಯ ಇದೆ." ಉಸಿರು ತೆಗೆದುಕೊಂಡರು. "ನೀನು ಆ ಕಡೆಯಿಂದ ಬಾ. ಇವ್ರೆಲ್ಲ ಬೆನ್ನು ನೋಡ್ತಾರೆ. ನನ್ ಮುಖ ನೋಡೋರು ಒಬ್ರು ಬೇಕು. ಇನ್ನೊಂದ್ಸಲ ಸೊಟ್ಟ ಆದ್ರೆ ಹೇಳು."

ಮರುಳಸಿದ್ದಪ್ಪ ಬೋರ್ಡಿನ ಕಡೆ ನೋಡಿದರು. ಆಮೇಲೆ ಸಂಜೀವಯ್ಯನ ಕಾಲಿನ ಕಡೆ ನೋಡಿದರು. ಗಂಟಲು ಸರಿ ಮಾಡಿಕೊಂಡು, ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಶಾಂತಲಾ ಬೆರಳಿನ ಮಿಷನ್ನನ್ನು ಸುಮ್ಮನೆ ಟಿಕ್ ಟಿಕ್ ಎನಿಸಿದರು.

ಸುಧಾಮಣಿ ಎಡಕ್ಕೆ ಹೊರಟಳು. ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಎಲ್ಲ ಮತ್ತೆ ಮೊದಲಿನಿಂದ. ಅರ್ಧ ಸುತ್ತಿನಲ್ಲಿ ಸಂಜೀವಯ್ಯ ಎದುರಾದರು.

"ನಗಿ," ಎಂದಳು.

ಬೋಳು ವಸಡು ಪೂರ್ತಿ ಕಂಡಿತು.

"ಥೂ. ಸಾಕು, ಮುಚ್ಕೊಳ್ಳಿ. ಸರಿ ಇದೆ."

ಹೀಗೆ ದಿನಗಳು ಹೋದವು. ಎದುರಾದಾಗಲೆಲ್ಲ ಅವಳು ನಗಿ ಎನ್ನುವುದು, ಅವರು ಬಾಯಿ ತೆರೆಯುವುದು, ಅವಳು ಥೂ ಎನ್ನುವುದು. ಅವಳ ಮೌನದ ಗಂಟೆ ಹೀಗೆ ಹಾಳಾಯಿತು, ಅದರ ಸಿಟ್ಟು ಅವಳಿಗಿದ್ದೇ ಇದೆ. ಮೊದಲು ಹಿಂದಿನ ಸಾಲಿನ ಒಬ್ಬರು, ಬಿ.ಪಿ. ಇರುವವರು, ತಮಾಷೆಗೆಂಬಂತೆ ಅವಳೆದುರು ಹಲ್ಲು ಬಿಟ್ಟು ಹೋದರು. ಆಮೇಲೆ ಅವರ ಹೆಂಡತಿ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಹಳದಿ ಹಲ್ಲು, ಎಲೆಅಡಿಕೆಯ ಹಲ್ಲು, ತಂತಿ ಕಟ್ಟಿದ ಹಲ್ಲು, ಎಲ್ಲವೂ ಅವಳೆದುರು ತೆರೆದುಕೊಂಡು ದಾಟುತ್ತಿದ್ದವು. ಬಾಯಿಯ ವಾಸನೆಗೆ ಉಸಿರು ಬಿಗಿಹಿಡಿದು ಓಡುತ್ತಿದ್ದಳು. ಶಾಂತಲಾ ಮಾತ್ರ ಬಾಯಿ ಬಿಗಿದುಕೊಂಡೇ ಹೋಗುತ್ತಿದ್ದರು. ಅವರೂ ತಿರುವಿನಲ್ಲಿ ಒಮ್ಮೆ ತುಟಿ ಅಗಲಿಸಿದ್ದನ್ನು ಸುಧಾಮಣಿ ಕಂಡೂ ಕಾಣದಂತೆ ಹೋದಳು.

ಓಡುವ ನಿಮಿಷಗಳು ನಡೆಯುವ ನಿಮಿಷಗಳನ್ನು ದಾಟಿದ ವಾರ, ಮರದ ಹಿಂಬದಿಯ ತಿರುವಿನಲ್ಲಿ ಮರುಳಸಿದ್ದಪ್ಪ ಒಬ್ಬರೇ ಎದುರಾದರು. ನಿಂತರು. ಹಿಂದೆ ತಿರುಗಿ ನೋಡಿದರು, ಯಾರೂ ಇರಲಿಲ್ಲ. ನಾಗರಕಲ್ಲುಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಎರಡೂ ಕೈ ಮೇಲಕ್ಕೆತ್ತಿ, ಬಾಯಿ ಅಗಲಿಸಿದರು. ಕೆಳಗಿನ ಸಾಲಿನಲ್ಲಿ ಹಿಂದಿನ ರಾತ್ರಿಯ ಸೊಪ್ಪು ಸಿಕ್ಕಿಕೊಂಡಿತ್ತು.

ಸುಧಾಮಣಿ ಹತ್ತಿರ ಹೋಗಿ, ಮೂಗು ಮುಚ್ಚಿಕೊಂಡು, ಈ ಕಡೆ ಆ ಕಡೆ ಬಗ್ಗಿ ಚೆನ್ನಾಗಿ ನೋಡಿದಳು.

"ಎರಡೂ ಕಡೆ ಸಮ ಇದೆ ಸಾರ್, ಹೋಗಿ," ಎಂದಳು. "ನಾಳೆ ಹಲ್ಲುಜ್ಜಿಕೊಂಡು ಬನ್ನಿ."